ಮೊದಲ ಶೋ ನೋಡಿ ಬಂದವರೇ, ಸಿನಿಮಾದ ಹಣೆಬರಹ ಬರೆಯಬೇಡಿ

ನಮಸ್ಕಾರ ಎಲ್ಲರಿಗೂ. ಶುಕ್ರವಾರ ಬಂತು, ಹೊಸ ಸಿನಿಮಾಗಳೂ ಬಂದವು. ಮೊದಲ ಶೋ ಬಿಡುವ ಹೊತ್ತಿಗೆ ಎಲ್ಲರ ಫೋನಿನಲ್ಲೂ ಒಂದೇ ಪ್ರಶ್ನೆ. "ಹೇಗಿದೆ? ಹಿಟ್ಟಾ, ಫ್ಲಾಪಾ?" ಕೇಳೋದರಲ್ಲಿ ತಪ್ಪಿಲ್ಲ. ದುಡ್ಡು ಕೊಟ್ಟು, ಎರಡು ಮೂರು ಗಂಟೆ ಕೂತು ನೋಡುವವರಿಗೆ ಮುಂಚೆಯೇ ಒಂದು ಸುಳಿವು ಬೇಕು ಅನ್ನಿಸುವುದು ಸಹಜ.

ನನ್ನ ತಕರಾರು ಇರುವುದು ಉತ್ತರ ಕೊಡುವವರ ಮೇಲೆ. "ಮುಗೀತು, ಎರಡು ದಿನವೂ ಓಡಲ್ಲ." "ವರ್ಷದ ಬ್ಲಾಕ್‌ಬಸ್ಟರ್ ಇದೇ, ಬರೆದಿಟ್ಟುಕೊಳ್ಳಿ." ನಿಮಗೆ ಏನನ್ನಿಸಿತು ಅಂತ ಕೇಳಿದರೆ ನೀವು ಸಿನಿಮಾದ ಜಾತಕ ಓದುತ್ತಿದ್ದೀರಿ, ಅಲ್ವಾ?

ಒಂದು ಹಳೆಯ ಶುಕ್ರವಾರದ ಕಥೆ ಹೇಳುತ್ತೇನೆ. 1982ರ ಜೂನ್ 25. ಅಮೆರಿಕದ ಥಿಯೇಟರ್‌ಗಳಿಗೆ ಆ ಒಂದೇ ದಿನ ಎರಡು ಸಿನಿಮಾ ಬಂದವು. ರಿಡ್ಲಿ ಸ್ಕಾಟ್ ಅವರ 'ಬ್ಲೇಡ್ ರನ್ನರ್', ಜಾನ್ ಕಾರ್ಪೆಂಟರ್ ಅವರ 'ದಿ ಥಿಂಗ್'. ಎರಡಕ್ಕೂ ಪೆಟ್ಟು ಬಿತ್ತು. ಅದಕ್ಕೆ ಎರಡು ವಾರ ಮುಂಚೆ ಸ್ಪೀಲ್‌ಬರ್ಗ್ ಅವರ 'ಇ.ಟಿ.' ಬಂದಿತ್ತು. ಬೇರೆ ಲೋಕದ ಜೀವಿ ಅಂದರೆ ಮಕ್ಕಳ ಗೆಳೆಯ, ನೋಡಿದವರ ಕಣ್ಣಲ್ಲಿ ನೀರು ತರಿಸುವಂಥದ್ದು ಅನ್ನುವ ಗುಂಗಿನಲ್ಲೇ ಜನ ಇದ್ದರು. ಅಂಥ ಹೊತ್ತಲ್ಲಿ ಕಾರ್ಪೆಂಟರ್ ಆ ಜನರನ್ನು ಅಂಟಾರ್ಕ್ಟಿಕಾದ ಹಿಮಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದು ಕ್ಯಾಂಪ್, ಅದರಲ್ಲಿ ಕೆಲವು ಗಂಡಸರು. ಯಾರು ನಿಜವಾಗಿ ಮನುಷ್ಯ, ಯಾರು ಮನುಷ್ಯನ ರೂಪ ತಾಳಿದ ಆ ಜೀವಿ ಅನ್ನುವುದು ಯಾರಿಗೂ ಗೊತ್ತಿಲ್ಲ.

ಅದರ ಕೊನೆಯ ದೃಶ್ಯ ನೆನಪು ಮಾಡಿಕೊಳ್ಳಿ. ಕ್ಯಾಂಪ್ ಹೊತ್ತಿ ಉರಿಯುತ್ತಿದೆ. ಉಳಿದವರು ಇಬ್ಬರೇ. ಕೊರೆಯುವ ಚಳಿಯಲ್ಲಿ ಎದುರುಬದುರು ಕೂತಿದ್ದಾರೆ. ಒಬ್ಬನಿಗೆ ಇನ್ನೊಬ್ಬನ ಮೇಲೆ ನಂಬಿಕೆಯಿಲ್ಲ. ಆದರೂ ಒಂದು ಬಾಟಲಿ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುತ್ತದೆ. ಅಷ್ಟೇ, ಸಿನಿಮಾ ಮುಗಿಯಿತು. ಯಾರು ಗೆದ್ದರು ಅಂತ ಹೇಳುವುದೇ ಇಲ್ಲ. ಆ ವಾರ ತುಂಬಾ ಜನರಿಗೆ ಇದು ರುಚಿಸಲಿಲ್ಲ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ವಿಮರ್ಶಕ ವಿನ್ಸೆಂಟ್ ಕ್ಯಾನ್ಬಿ ಈ ಸಿನಿಮಾವನ್ನು ಕಸದ ಲೆಕ್ಕಕ್ಕೆ ಸೇರಿಸಿದರು. ಎನ್ನಿಯೋ ಮೊರಿಕೋನೆ ಅವರ ಸಂಗೀತ 'ಅತಿ ಕೆಟ್ಟ ಸಂಗೀತ' ಅಂತ, ಕೆಟ್ಟ ಸಿನಿಮಾಗಳನ್ನು ಗೇಲಿ ಮಾಡಲು ಕೊಡುವ ರ‍್ಯಾಝಿ ಪ್ರಶಸ್ತಿಗೆ ನಾಮಿನೇಟ್ ಆಯಿತು. ಮುಂದೆ ಕ್ವೆಂಟಿನ್ ಟಾರಂಟಿನೊ ಅವರ 'ದಿ ಹೇಟ್‌ಫುಲ್ ಎಯ್ಟ್' ಸಿನಿಮಾದಲ್ಲಿ, 'ದಿ ಥಿಂಗ್'ಗಾಗಿ ಮಾಡಿ ಬಳಸದೆ ಉಳಿದಿದ್ದ ಮೊರಿಕೋನೆ ಸಂಗೀತದ ತುಣುಕುಗಳೂ ಸೇರಿದವು. 2016ರಲ್ಲಿ ಆ ಸಿನಿಮಾದ ಸಂಗೀತಕ್ಕೆ ಮೊರಿಕೋನೆ ಅವರಿಗೆ ಆಸ್ಕರ್ ಬಂತು. ಇವತ್ತು ಹಾರರ್ ಇಷ್ಟಪಡುವವರು ಸೇರಿದ ಕಡೆ ಆ ಬಾಟಲಿ ದೃಶ್ಯದ ಬಗ್ಗೆ ವಾದ ನಡೆದೇ ನಡೆಯುತ್ತದೆ.

ಇನ್ನು 'ಬ್ಲೇಡ್ ರನ್ನರ್'. ಇಲ್ಲಿ ಮೊದಲ ವಾರದ ಪ್ರೇಕ್ಷಕರ ಪರವಾಗಿಯೂ ಮಾತಾಡಬೇಕು. ಅವರು ನೋಡಿದ ಸಿನಿಮಾದಲ್ಲಿ ಹ್ಯಾರಿಸನ್ ಫೋರ್ಡ್ ದನಿಯಲ್ಲಿ ಕಥೆ ವಿವರಿಸುವ ಹಿನ್ನೆಲೆ ಮಾತು ಇತ್ತು. ಕೊನೆಗೆ ಎಲ್ಲ ಸುಖವಾಗಿ ಮುಗಿಯಿತು ಅನ್ನುವ ಹಾಗೆ ಒಂದು ದೃಶ್ಯವನ್ನೂ ಜೋಡಿಸಿದ್ದರು. 1992ರಲ್ಲಿ ನಿರ್ದೇಶಕರ ಮನಸ್ಸಿನಂತೆ ಮತ್ತೆ ಜೋಡಿಸಿ ಬಿಟ್ಟ ಆವೃತ್ತಿ, ಅಂದರೆ ಡೈರೆಕ್ಟರ್ಸ್ ಕಟ್‌ನಲ್ಲಿ ಆ ಮಾತೂ ಇಲ್ಲ, ಆ ದೃಶ್ಯವೂ ಇಲ್ಲ. 1993ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಸಿನಿಮಾವನ್ನು ಕಾಪಾಡಿ ಇಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು. ಅಂದರೆ ಏನಾಯ್ತು ನೋಡಿ. "ಆ ಹಿನ್ನೆಲೆ ಮಾತು ಕಿವಿಗೆ ಕಿರಿಕಿರಿ" ಅಂದವರ ಮಾತು ಇವತ್ತಿಗೂ ನಿಲ್ಲುತ್ತದೆ. "ಈ ಸಿನಿಮಾ ದಂಡ" ಅಂದವರ ಮಾತು ನಿಲ್ಲಲಿಲ್ಲ. ಎರಡೂ ಅದೇ ವಾರದ ಅನಿಸಿಕೆಗಳೇ.

ನನಗೆ ಬೇಕಾಗಿರುವುದು ಮೊದಲ ಥರದ ಮಾತು. ಎಲ್ಲಿ ಬೇಜಾರಾಯಿತು? ಯಾವ ದೃಶ್ಯದಲ್ಲಿ ಮೈ ಜುಮ್ ಅಂತು? ಹೀರೋ ಯಾಕೆ ಹಾಗೆ ನಿರ್ಧಾರ ಮಾಡಿದ ಅಂತ ಅರ್ಥ ಆಯ್ತಾ? ಸಂಭಾಷಣೆ ಕೇಳಿಸದಷ್ಟು ಹಿನ್ನೆಲೆ ಸಂಗೀತ ಜಾಸ್ತಿ ಆಯ್ತಾ? ಇಷ್ಟು ಹೇಳಿದರೆ ನಿಮ್ಮ ರುಚಿಗೂ ನನ್ನ ರುಚಿಗೂ ಎಷ್ಟು ದೂರ ಅಂತ ನಾನೇ ಅಳೆದುಕೊಳ್ಳುತ್ತೇನೆ. ಐದಕ್ಕೆ ಎರಡೂವರೆ ಅಂದರೆ ನನಗೇನೂ ತಿಳಿಯುವುದಿಲ್ಲ.

ಇನ್ನೊಂದು ವಿಷಯ. ಮೊದಲ ದಿನ ನಾವು ನೋಡುವುದು ಸಿನಿಮಾವನ್ನಷ್ಟೇ ಅಲ್ಲ, ಟ್ರೇಲರ್ ನೋಡಿ ತಲೆಯಲ್ಲಿ ಕಟ್ಟಿಕೊಂಡ ಸಿನಿಮಾವನ್ನೂ ನೋಡುತ್ತಿರುತ್ತೇವೆ. ದೊಡ್ಡ ಸಿನಿಮಾಗಳ ಟ್ರೇಲರ್ ಕತ್ತರಿಸುವುದಕ್ಕೆ ಎಷ್ಟೋ ಸಲ ಬೇರೆಯದೇ ತಂಡ ಇರುತ್ತದೆ. ಸಿನಿಮಾ ಪೂರ್ತಿ ಆಗುವ ಮುಂಚೆಯೇ ಅವರ ಕೆಲಸ ಶುರುವಾಗುತ್ತದೆ. ಅಲ್ಲಿ ಕೇಳಿದ ಸಂಗೀತ ಸಿನಿಮಾದಲ್ಲಿ ಇರಲೇಬೇಕು ಅಂತಿಲ್ಲ. ಅಮೆರಿಕದಲ್ಲಿ ಸಿನಿಮಾಸ್ಕೋರ್ ಅನ್ನುವ ಸಂಸ್ಥೆ ಇದೆ. ಮೊದಲ ದಿನ ನೋಡಲು ಬಂದವರ ಕೈಗೆ ಒಂದು ಚಿಕ್ಕ ಕಾರ್ಡ್ ಕೊಟ್ಟು ಗ್ರೇಡ್ ಕೇಳುತ್ತದೆ. ಎ ಪ್ಲಸ್‌ನಿಂದ ಎಫ್‌ವರೆಗೆ. 2002ರ 'ಸೊಲಾರಿಸ್', 2017ರ 'ಮದರ್!' ಎರಡಕ್ಕೂ ಸಿಕ್ಕಿದ್ದು ಎಫ್. ಒಂದರಲ್ಲಿ ಜಾರ್ಜ್ ಕ್ಲೂನಿ, ಇನ್ನೊಂದರಲ್ಲಿ ಜೆನ್ನಿಫರ್ ಲಾರೆನ್ಸ್. ಸ್ಟಾರ್ ಮುಖ ನೋಡಿ ಪ್ರೇಮಕಥೆಯೋ ಹಾರರೋ ಅಂದುಕೊಂಡು ಹೋದವರಿಗೆ ಒಳಗೆ ಸಿಕ್ಕಿದ್ದು ನಿಧಾನವಾದ, ತಲೆ ಕೆಡಿಸುವ ಸಿನಿಮಾ. ಆ ಎಫ್‌ನಲ್ಲಿ ಪ್ರಚಾರಕ್ಕೆ ಸೇರಬೇಕಾದ ಪಾಲು ದೊಡ್ಡದಿದೆ ಅಂತ ನನ್ನ ಅಭಿಪ್ರಾಯ. ನೀವೂ ಹೊರಗೆ ಬಂದ ಕೂಡಲೇ ನಿಮ್ಮನ್ನೇ ಕೇಳಿಕೊಳ್ಳಿ: ಸಿನಿಮಾ ಕೆಟ್ಟದಾಗಿತ್ತಾ, ಇಲ್ಲಾ ನಾನು ಅಂದುಕೊಂಡ ಹಾಗೆ ಇರಲಿಲ್ವಾ?

ಮೊದಲ ಮೂರು ದಿನದ ಕಲೆಕ್ಷನ್ ಹಿಡಿದು ವಾದ ಮಾಡುವವರಿಗೆ ಒಂದೇ ಮಾತು. 1997ರ ಡಿಸೆಂಬರ್‌ನಲ್ಲಿ ಬಂದ 'ಟೈಟಾನಿಕ್' ಅಮೆರಿಕದಲ್ಲಿ ಮೊದಲ ವಾರಾಂತ್ಯ ಗಳಿಸಿದ್ದು ಮೂರು ಕೋಟಿ ಡಾಲರ್‌ಗೂ ಕಮ್ಮಿ. ಆದರೂ ಆ ವಾರದಿಂದ ಹಿಡಿದು 15 ವಾರ ಬಿಡದೆ ಮೊದಲ ಸ್ಥಾನದಲ್ಲೇ ಕೂತಿತ್ತು.

ಸಿನಿಮಾ ಇನ್ನೂ ಓಡುತ್ತಿರುವಾಗಲೇ ಫೋನ್ ತೆಗೆದು ಅಭಿಪ್ರಾಯ ಹಾಕುವವರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಕತ್ತಲಲ್ಲಿ ಆ ಬೆಳಕು ಹಿಂದಿನ ಸಾಲಿನವರ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ. ಅದೊಂದೇ ಅಲ್ಲ. ನೀವು ತಲೆ ತಗ್ಗಿಸಿ ಟೈಪ್ ಮಾಡುತ್ತಿದ್ದ ಆ ಅರ್ಧ ನಿಮಿಷದಲ್ಲಿ ಒಬ್ಬ ನಟಿ ಮಾತಿಲ್ಲದೆ ಬರೀ ಮುಖದಲ್ಲೇ ಏನೋ ಹೇಳಿರುತ್ತಾಳೆ. ಅದನ್ನು ನೋಡದೆ "ನಟನೆಯಲ್ಲಿ ಜೀವ ಇಲ್ಲ" ಅಂತ ಬರೆದರೆ ಅದು ಅನ್ಯಾಯ. ಕ್ಲೈಮ್ಯಾಕ್ಸ್‌ನ ಫೋಟೊ ಹೊಡೆದು ಹಂಚುವುದಂತೂ ನೋಡದವರಿಗೆ ಮಾಡುವ ಮೋಸ.

ಹಾಗಂತ ಮೊದಲ ದಿನ ಬಾಯಿ ಮುಚ್ಚಿಕೊಂಡಿರಿ ಅಂತ ನಾನು ಹೇಳುತ್ತಿಲ್ಲ. ಖಂಡಿತ ಮಾತಾಡಿ, ಅದೂ ಬೇಗ ಮಾತಾಡಿ. ಸಣ್ಣ ಸಿನಿಮಾಗಳು ಬದುಕುವುದೇ ನಿಮ್ಮ ಮಾತಿನಿಂದ. ದೊಡ್ಡ ಸ್ಟಾರ್ ಸಿನಿಮಾಗೆ ಪೋಸ್ಟರ್ ಇದೆ, ಹಾಡಿದೆ, ಸಂದರ್ಶನಗಳಿವೆ. ಹೆಸರೇ ಕೇಳಿರದ ನಿರ್ದೇಶಕರ ಮೊದಲ ಸಿನಿಮಾಗೆ ಇವು ಯಾವುದೂ ಇಲ್ಲ. ಎರಡು ಮೂರು ದಿನದಲ್ಲಿ ಜನ ಬರದಿದ್ದರೆ ಶೋ ಕಮ್ಮಿ ಆಗುತ್ತವೆ. ಉಳಿದ ಶೋ ಯಾರಿಗೂ ಅನುಕೂಲ ಆಗದ ಹೊತ್ತಿಗೆ ಹೋಗುತ್ತದೆ. ಮುಂದಿನ ಶುಕ್ರವಾರ ಬರುವಷ್ಟರಲ್ಲಿ ಸ್ಕ್ರೀನೇ ಇರುವುದಿಲ್ಲ. ಅಂಥ ಸಿನಿಮಾದಲ್ಲಿ ಒಂದೇ ಒಂದು ದೃಶ್ಯ ಮನಸ್ಸಿಗೆ ತಟ್ಟಿದರೂ ಅವತ್ತೇ ನಾಲ್ಕು ಜನಕ್ಕೆ ಹೇಳಿ. ಸೋಮವಾರಕ್ಕೆ ಕಾಯಬೇಡಿ.

ಈ ವಾರ ನಾನೂ ಅದನ್ನೇ ಮಾಡುತ್ತೇನೆ. ಬಂದಿರುವುದರಲ್ಲಿ ಅತಿ ಕಮ್ಮಿ ಶೋ ಸಿಕ್ಕಿರುವ ಸಿನಿಮಾವನ್ನು ಮೊದಲು ನೋಡುತ್ತೇನೆ. ದೊಡ್ಡದನ್ನು ಆಮೇಲೆ, ಹಾಲ್ ತುಂಬಿರುವಾಗ. ನೋಡಿದ ಸಂಜೆಯೇ ಇಲ್ಲಿ ಬಂದು ಮಾತಾಡುತ್ತೇನೆ. ಏನು ಹಿಡಿಸಿತು, ಎಲ್ಲಿ ಕೈಕೊಟ್ಟಿತು ಅಂತ ದೃಶ್ಯ ಸಮೇತ ಹೇಳುತ್ತೇನೆ. ಸ್ಟಾರ್ ಕೊಡುವುದಿಲ್ಲ, ಎಷ್ಟು ದಿನ ಓಡುತ್ತದೆ ಅಂತಲೂ ಹೇಳುವುದಿಲ್ಲ. ನೀವು ನೋಡಿದ್ದರೆ, ನಿಮಗೆ ಬೇರೆ ಥರ ಅನ್ನಿಸಿದ್ದರೆ, ಆ ದೃಶ್ಯ ಯಾವುದು ಅಂತ ಹೇಳಿ. ಅಲ್ಲಿಂದ ಶುರು ಮಾಡೋಣ.