ಲಾಂಗ್‌ಇಯರ್‌ಬಿಯನ್: ಸೂರ್ಯ ಮುಳುಗುವ ಮುನ್ನವೋ, ಮುಳುಗಿದ ಮೇಲೋ?

ಕೇಳುಗರಿಗೆ ನಮಸ್ಕಾರ.

ನಾರ್ವೆಯ ಉತ್ತರ ತುದಿಗೂ ಉತ್ತರ ಧ್ರುವಕ್ಕೂ ಹೆಚ್ಚುಕಡಿಮೆ ನಡುವೆ ಸ್ವಾಲ್‌ಬಾರ್ಡ್ ಎಂಬ ದ್ವೀಪಗಳ ಗುಂಪಿದೆ. ಅದರ ಮುಖ್ಯ ಊರು ಲಾಂಗ್‌ಇಯರ್‌ಬಿಯನ್. 78 ಡಿಗ್ರಿ ಉತ್ತರ ಅಕ್ಷಾಂಶ, ಸುಮಾರು ಎರಡೂವರೆ ಸಾವಿರ ಜನ. ಆಸ್ಲೋದಿಂದ ವಿಮಾನದಲ್ಲಿ ಮೂರು ತಾಸು. ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿಗೆ ಹೊರಡುವವರು ಟಿಕೆಟ್ ದರ ನೋಡುವ ಮೊದಲು ತಾರೀಖು ನೋಡಬೇಕು. ಒಂದೆರಡು ವಾರ ಆಚೀಚೆಯಾದರೆ ಕಾಣುವ ಊರೇ ಬೇರೆ.

ಲೆಕ್ಕ ಹೀಗಿದೆ. ಅಕ್ಟೋಬರ್ 1ಕ್ಕೆ ಸೂರ್ಯ ಸುಮಾರು ಹತ್ತೂವರೆ ತಾಸು ದಿಗಂತದ ಮೇಲಿರುತ್ತಾನೆ. ತಿಂಗಳ ನಡುವೆ ಅದು ಏಳು ತಾಸಿಗೂ ಕಡಿಮೆ. 26ರ ಸುಮಾರಿಗೆ ಕೊನೆಯ ಸಲ ಇಣುಕಿ ಹೋದರೆ ಮತ್ತೆ ಬರುವುದು ಫೆಬ್ರವರಿ ನಡುವಿಗೆ. ಊರಿರುವುದು ಕಣಿವೆಯಲ್ಲಿ, ಸುತ್ತಲಿನ ಬೆಟ್ಟ ಅಡ್ಡ ಬರುವುದರಿಂದ ಬೀದಿಗಳಿಗೆ ಬಿಸಿಲು ಇನ್ನೂ ಬೇಗ ತಪ್ಪುತ್ತದೆ, ಮಾರ್ಚ್ 8ರ ಹೊತ್ತಿಗಷ್ಟೇ ಮರಳುತ್ತದೆ. ಹಾಗಂತ ಅಕ್ಟೋಬರ್ 27ಕ್ಕೇ ಕಗ್ಗತ್ತಲೆ ಕವಿಯುವುದಿಲ್ಲ. ಮುಂದಿನ ಎರಡು ವಾರಕ್ಕೂ ಮಿಕ್ಕು ಮಧ್ಯಾಹ್ನದ ಹೊತ್ತು ಕೆಲವು ತಾಸು ನೀಲಿ ಮುಸ್ಸಂಜೆ ಇರುತ್ತದೆ. ನವೆಂಬರ್ 14ರಿಂದ ಜನವರಿ ಕೊನೆಯವರೆಗೆ ನಿಜವಾದ ಧ್ರುವರಾತ್ರಿ. ನಟ್ಟ ನಡುಹಗಲಲ್ಲೂ ತಲೆಗೆ ದೀಪ ಕಟ್ಟಿಕೊಂಡೇ ನಡೆಯಬೇಕು. ಬೆಟ್ಟ, ಸಮುದ್ರ, ಬಣ್ಣ ನೋಡಬೇಕೆನ್ನುವವರು ಅಕ್ಟೋಬರ್ ಮೊದಲ ಎರಡು ವಾರ ಹೋಗಲಿ. ಕತ್ತಲನ್ನೇ ನೋಡಬೇಕೆಂದರೆ ನವೆಂಬರ್ ಕೊನೆ.

ಈ ನಡುಗಾಲದಲ್ಲಿ ಸಿಗದ್ದೇನು ಎಂಬುದೂ ಗೊತ್ತಿರಲಿ. ಜಾಹೀರಾತಿನ ಹಿಮದ ಬೈಕು, ಅಂದರೆ ಸ್ನೋಮೊಬೈಲ್, ನಂಬಿಕೊಂಡು ಹೋಗಬಹುದಾದ ಕಾಲ ಫೆಬ್ರವರಿಯ ನಂತರ. ಅಕ್ಟೋಬರ್‌ನಲ್ಲಿ ನೆಲದ ಮೇಲೆ ಹಿಮ ತೆಳುವಾಗಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ನಾಯಿಗಳು ಎಳೆಯುವ ಬಂಡಿಗೂ ಆಗ ಚಕ್ರವೇ. ಚಳಿ ಏರಿದಂತೆ ದೋಣಿ ಪ್ರವಾಸಗಳೂ ನಿಲ್ಲುತ್ತವೆ. ಅಟ್ಲಾಂಟಿಕ್‌ನಿಂದ ಬರುವ ಬೆಚ್ಚನೆಯ ನೀರಿನ ಹರಿವು ಪಶ್ಚಿಮ ಕರಾವಳಿಯನ್ನು ಸವರಿಕೊಂಡು ಹೋಗುವುದರಿಂದ ಇಷ್ಟು ಉತ್ತರದಲ್ಲಿದ್ದರೂ ಆಗೊಮ್ಮೆ ಈಗೊಮ್ಮೆ ಮಳೆ ಬರುತ್ತದೆ. ಹೆಪ್ಪುಗಟ್ಟಿದ ನೆಲದ ಮೇಲೆ ಬಿದ್ದ ಮಳೆ ಗಾಜಿನಂತೆ ಗಟ್ಟಿಯಾಗುತ್ತದೆ. ಶೂ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಇಲ್ಲದೆ ಅದರ ಮೇಲೆ ಹೆಜ್ಜೆ ಇಟ್ಟರೆ ಮಣಿಕಟ್ಟು ಮುರಿದುಕೊಳ್ಳುವುದು ಸುಲಭ.

ಈಗ ವೀಸಾ. 1920ರ ಸ್ವಾಲ್‌ಬಾರ್ಡ್ ಒಪ್ಪಂದದಲ್ಲಿ ಅಂದಿನ ಭಾರತದ ಪರವಾಗಿಯೂ ಸಹಿ ಬಿದ್ದಿದೆ. ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಅಲ್ಲೇ ನ್ಯೂ-ಓಲೆಸುಂಡ್‌ನಲ್ಲಿದೆ; 2023ರ ಡಿಸೆಂಬರ್‌ನಲ್ಲಿ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಸ್ವಾಲ್‌ಬಾರ್ಡ್‌ಗೆ ಯಾರಿಗೂ ವೀಸಾ ಬೇಡ. ತೊಡಕಿರುವುದು ದಾರಿಯಲ್ಲಿ. ನಾರ್ವೆಯ ಮುಖ್ಯಭೂಮಿ ಷೆಂಗೆನ್ ವಲಯದ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನ, ಒಳಗೆ; ಸ್ವಾಲ್‌ಬಾರ್ಡ್ ಹೊರಗೆ. ಆಸ್ಲೋದಿಂದ ಹೊರಟ ಕೂಡಲೇ ನೀವು ಷೆಂಗೆನ್ ಬಿಟ್ಟಂತೆ. ಒಂದೇ ಪ್ರವೇಶದ ವೀಸಾ ಹಿಡಿದು ಹೋದವರಿಗೆ ಮರಳಿ ಒಳಬರಲು ದಾರಿಯಿಲ್ಲ. ಅರ್ಜಿಯಲ್ಲೇ ಎರಡು ಅಥವಾ ಹಲವು ಪ್ರವೇಶ ಕೇಳಿ, ಕೈಗೆ ಬಂದ ಮೇಲೆ ವೀಸಾ ಸ್ಟಿಕರ್ ಮೇಲೆ ಎಷ್ಟು ಪ್ರವೇಶ ಎಂದಿದೆ ನೋಡಿಕೊಳ್ಳಿ.

ತಿಂಡಿ ಕಟ್ಟಿಕೊಳ್ಳುವವರಿಗೊಂದು ಮಾತು. ಯುರೋಪಿನ ಹೊರಗಿನಿಂದ ಹಾಲಿನ, ಮಾಂಸದ ಪದಾರ್ಥ ನಾರ್ವೆಗೆ ಒಯ್ಯುವಂತಿಲ್ಲ. ಧಾರವಾಡ ಪೇಡ, ತುಪ್ಪ ಮನೆಯಲ್ಲೇ ಇರಲಿ.

ಬಟ್ಟೆಯಲ್ಲೇ ಹೆಚ್ಚು ಜನ ಎಡವುವುದು. ಅಕ್ಟೋಬರ್‌ನಲ್ಲಿ ಸೊನ್ನೆಯಿಂದ ಮೈನಸ್ ಹತ್ತು ಅಂದರೆ ಅಂಥದ್ದೇನಲ್ಲ ಅನಿಸಬಹುದು. ಆದರೆ ಮೈನಸ್ ಹತ್ತಕ್ಕೆ ಸೆಕೆಂಡಿಗೆ ಹತ್ತು ಮೀಟರ್ ಗಾಳಿ ಸೇರಿದರೆ ಚರ್ಮಕ್ಕೆ ಮೈನಸ್ ಇಪ್ಪತ್ತು. ಒಂದೇ ದಪ್ಪ ಜಾಕೆಟ್ಟಿಗಿಂತ ಮೂರು ಪದರ ಮೇಲು: ಮೈಗೆ ತಾಗಿ ತೆಳು ಉಣ್ಣೆ, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ ತಡೆಯುವ ಅಂಗಿ. ಹತ್ತಿ ಬನಿಯನ್, ಜೀನ್ಸ್ ಬೇಡ. ಬೆವರು ಹೀರಿದ ಹತ್ತಿ ಒಣಗುವುದಿಲ್ಲ, ನಿಂತ ಕೂಡಲೇ ಮೈ ಕೊರೆಯುತ್ತದೆ. ಏರು ಹತ್ತುವಾಗ ಬೆವರುವ ಮೊದಲೇ ಒಂದು ಪದರ ಬಿಚ್ಚಿ. ಬೆರಳು ಬೆರಳಿನ ಕೈಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಗವಸು ಬೆಚ್ಚಗೆ. ಒಳಗೊಂದು ತೆಳು ಜೊತೆ ಇದ್ದರೆ ಫೋಟೊ ತೆಗೆಯುವಾಗ ಕೈ ಬರಿದಾಗುವುದಿಲ್ಲ. ಬಿಗಿ ಬೂಟಿಗೆ ಎರಡು ಜೊತೆ ಕಾಲುಚೀಲ ತುರುಕುವುದು ದೊಡ್ಡ ತಪ್ಪು, ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಒಂದು ಸೈಜು ದೊಡ್ಡದು ತೊಟ್ಟು ಬೆರಳು ಆಡಿಸಲು ಜಾಗ ಬಿಡಿ. ಹೋಟೆಲು, ಮ್ಯೂಸಿಯಂ ಬಾಗಿಲಲ್ಲಿ ಬೂಟು ಬಿಡುವುದು ಅಲ್ಲಿನ ರೂಢಿ, ಕಲ್ಲಿದ್ದಲು ಗಣಿಯ ಮಸಿಯ ಕಾಲದಿಂದ ಬಂದದ್ದು. ಹಾಗಾಗಿ ಕಾಲುಚೀಲ ಹರಿದಿರಬಾರದು!

ಊರಿನ ಅಂಚಿನಲ್ಲಿ ಹಿಮಕರಡಿ ಚಿತ್ರದ ಫಲಕ ಕಂಡರೆ ಅಲ್ಲಿಂದ ಮುಂದೆ ಒಬ್ಬರೇ ಹೋಗಬೇಡಿ. ವಸತಿಯಾಚೆ ಹೋಗುವವರ ಬಳಿ ಕರಡಿಯನ್ನು ಹೆದರಿಸಿ ಓಡಿಸುವ ಸಾಧನ ಇರಲೇಬೇಕೆಂಬ ಕಾನೂನಿದೆ, ಬಂದೂಕೂ ಇರಲಿ ಎನ್ನುತ್ತದೆ ಆಡಳಿತ. ಪ್ರವಾಸಿಗೆ ಸರಳ ದಾರಿ ಬಂದೂಕು ಹೊತ್ತ ಗೈಡ್. 2020ರ ಆಗಸ್ಟ್‌ನಲ್ಲಿ ಕರಡಿ ಒಬ್ಬರನ್ನು ಕೊಂದದ್ದು ವಿಮಾನ ನಿಲ್ದಾಣದ ಪಕ್ಕದ ಕ್ಯಾಂಪಿನಲ್ಲೇ. ಕತ್ತಲಲ್ಲಿ ಕರಡಿ ಹತ್ತಿರ ಬಂದರೂ ಕಾಣುವುದಿಲ್ಲ.

ಧ್ರುವಪ್ರಭೆ, ಅಂದರೆ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಅದಕ್ಕಾಗಿಯೇ ಹೋಗುವುದಾದರೆ ನಮ್ಮ ಸಲಹೆ ನಾರ್ವೆಯ ಮುಖ್ಯಭೂಮಿಯ ಉತ್ತರದ ಊರು ಟ್ರೊಮ್ಸೊ. ರಾತ್ರಿಯ ಗಾಢ ಹಸಿರು ಬೆಳಕಿನ ಪಟ್ಟಿ ಸಾಮಾನ್ಯವಾಗಿ ಸ್ವಾಲ್‌ಬಾರ್ಡ್‌ಗಿಂತ ದಕ್ಷಿಣದಲ್ಲಿ ಹಾಯುತ್ತದೆ. ಲಾಂಗ್‌ಇಯರ್‌ಬಿಯನ್ನಿನ ಹೆಚ್ಚುಗಾರಿಕೆ ಬೇರೆ: ಧ್ರುವರಾತ್ರಿಯಲ್ಲಿ ಹಗಲ ಹೊತ್ತಿನಲ್ಲೂ, ಮಸುಕಾಗಿ, ಕೆಂಪು ಬೆರೆತು, ಅದು ಕಾಣಬಹುದು. ಕ್ಯಾಮೆರಾದ ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ. ಇನ್ನೊಂದನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಒಳಗೆ ಬರುವ ಮೊದಲೇ, ಹೊರಗಿನ ಚಳಿಯಲ್ಲೇ, ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಮುಚ್ಚಿ. ಇಲ್ಲವಾದರೆ ಒಳಗಿನ ತೇವ ಲೆನ್ಸಿನ ಮೇಲೆ ನೀರಾಗಿ ಕೂರುತ್ತದೆ. ಒಂದೆರಡು ತಾಸು ಬಿಟ್ಟು ತೆರೆದರೆ ಸಾಕು.

ಅಲ್ಲಿನ ಆಸ್ಪತ್ರೆ ಚಿಕ್ಕದು, ಗಂಭೀರವಾದರೆ ಟ್ರೊಮ್ಸೊಗೆ ವಿಮಾನದಲ್ಲಿ ಸಾಗಿಸುತ್ತಾರೆ. ವಿಮೆಯಲ್ಲಿ ಹುಡುಕಾಟ, ರಕ್ಷಣೆ, ಸಾಗಣೆ ಮೂರೂ ಸೇರಿವೆಯೇ ಎಂದು ಓದಿ ನೋಡಿ. ಗಾಳಿ, ಹಿಮದಿಂದ ವಿಮಾನ ತಪ್ಪುವುದುಂಟು. ಆಸ್ಲೋದಿಂದ ಭಾರತಕ್ಕೆ ಬೇರೆಯೇ ಟಿಕೆಟ್ ಕೊಂಡಿದ್ದರೆ ನಡುವೆ ಕನಿಷ್ಠ ಒಂದು ಪೂರ್ತಿ ದಿನ ಬಿಡಿ, ವೀಸಾದ ಕೊನೆಯ ತಾರೀಖನ್ನೂ ಅದಕ್ಕೆ ತಕ್ಕಂತೆ ಕೇಳಿಕೊಳ್ಳಿ.