ದೊಡ್ಡಕ್ಷರ ಬಿಡಿ, ಸಣ್ಣಕ್ಷರ ಓದಿ: ಹಳೆಯ ಕೊನ್ಯಾಕ್ ಬಾಟಲಿಯ ಕಾಲ ಗುರುತಿಸುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಬಾಟಲಿಗಳನ್ನು ಪರೀಕ್ಷಿಸಿ ಅವುಗಳ ಕಾಲ ಮತ್ತು ಬೆಲೆ ಹೇಳುವುದು ನನ್ನ ವೃತ್ತಿ. ನನಗೆ ಬರುವ ದೂರವಾಣಿ ಕರೆಗಳಲ್ಲಿ ಬಹುಪಾಲು ಒಂದೇ ಬಗೆಯವು. "ಸಾರ್, ನಮ್ಮ ತಾತನ ಬೀರುವಿನಲ್ಲಿ ಒಂದು ಫ್ರೆಂಚ್ ಬ್ರಾಂಡಿ ಬಾಟಲಿ ಸಿಕ್ಕಿದೆ. ಮೇಲೆ ನೆಪೋಲಿಯನ್ ಎಂದು ಬರೆದಿದೆ. ಇನ್ನೂರು ವರ್ಷದ್ದಿರಬೇಕು. ಎಷ್ಟು ಸಿಗುತ್ತದೆ?" ನಾನು ಬೆಲೆ ಹೇಳುವುದಿಲ್ಲ. "ಬಾಟಲಿಯ ಮೇಲೆ ಅಳತೆ ಏನೆಂದು ಬರೆದಿದೆ?" ಎಂದು ಕೇಳುತ್ತೇನೆ. ಆ ಕಡೆಯಿಂದ ಉತ್ತರ ಬರುವುದಿಲ್ಲ, ಏಕೆಂದರೆ ಯಾರೂ ಅದನ್ನು ನೋಡಿರುವುದಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ದೊಡ್ಡಕ್ಷರ ಬಿಡಿ, ಸಣ್ಣಕ್ಷರ ಓದಿ. ಲೇಬಲ್ಲಿನ ದೊಡ್ಡಕ್ಷರವನ್ನು ಮಾರುವವನು ನಿಮಗಾಗಿ ಬರೆಸಿದ್ದಾನೆ. ಸಣ್ಣಕ್ಷರವನ್ನು ಅವನು ಕಾನೂನಿಗೆ ಹೆದರಿ ಬರೆಸಿದ್ದಾನೆ. ಬಾಟಲಿಯ ಕಾಲ ಗೊತ್ತಾಗುವುದು ಈ ಹೆದರಿ ಬರೆಸಿದ ಅಕ್ಷರಗಳಿಂದ. ನಮ್ಮ ಹಳೆಯ ಮನೆಗಳ ವಯಸ್ಸನ್ನು ಬಾಗಿಲಿನ ಕೆತ್ತನೆಗಿಂತ ಮಂಗಳೂರು ಹೆಂಚಿನ ಹಿಂಬದಿಯ ಅಚ್ಚು ನಂಬಿಕೆಯಿಂದ ಹೇಳುತ್ತದಲ್ಲ, ಇದೂ ಹಾಗೆಯೇ.

ಮೊದಲು ಕೊನ್ಯಾಕ್ ಎಂದರೇನು ಎಂಬುದನ್ನು ನೋಡೋಣ. ಪಶ್ಚಿಮ ಫ್ರಾನ್ಸಿನಲ್ಲಿ ಶಾರಾಂತ್ ನದಿಯ ದಂಡೆಯ ಮೇಲೆ ಕೊನ್ಯಾಕ್ ಎಂಬ ಊರಿದೆ. ಆ ಸೀಮೆಯ ಬಿಳಿ ದ್ರಾಕ್ಷಿಯ ಹುಳಿ ವೈನನ್ನು ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಸಿಗುವ ಬ್ರಾಂಡಿಯೇ ಕೊನ್ಯಾಕ್. ಆ ಸೀಮೆಯ ಗಡಿಯನ್ನು ಫ್ರಾನ್ಸ್ ಸರ್ಕಾರ 1909ರಲ್ಲಿ ಗುರುತಿಸಿತು. ಮಾರ್ಟೆಲ್ 1715ರ ಸಂಸ್ಥೆ, ರೆಮಿ ಮಾರ್ಟಿನ್ 1724ರದು, ಹೆನೆಸ್ಸಿ 1765ರದು. ಈ ವರ್ಷಗಳನ್ನು ಲೇಬಲ್ಲಿನ ಮೇಲೆ ಕಂಡ ಕೂಡಲೇ ಜನ ಬಾಟಲಿಯೇ 1765ರದು ಎಂದುಕೊಳ್ಳುತ್ತಾರೆ. ಅದು ಅಂಗಡಿ ತೆರೆದ ವರ್ಷ. ದಯವಿಟ್ಟು ಈ ಒಂದು ತಪ್ಪನ್ನಾದರೂ ಬಿಟ್ಟುಬಿಡಿ.

ಇನ್ನೊಂದು ತಿಳಿವಳಿಕೆ ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಕೊನ್ಯಾಕ್‌ಗೆ ವಯಸ್ಸಾಗುವುದು ಮರದ ಪೀಪಾಯಿಯಲ್ಲಿ ಮಾತ್ರ. ಗಾಜಿಗೆ ಇಳಿಸಿದ ದಿನ ಅದರ ವಯಸ್ಸು ನಿಂತುಹೋಗುತ್ತದೆ. ಎರಡು ವರ್ಷ ಪೀಪಾಯಿಯಲ್ಲಿದ್ದು ಬಾಟಲಿಗೆ ಬಂದ ಕೊನ್ಯಾಕ್, ಬೀರುವಿನಲ್ಲಿ ಅರುವತ್ತು ವರ್ಷ ಕುಳಿತರೂ ಎರಡು ವರ್ಷದ ಕೊನ್ಯಾಕೇ. ಹಾಗಾಗಿ ನಾವು ಹುಡುಕಬೇಕಾದದ್ದು ಬಾಟಲಿಗೆ ತುಂಬಿದ ಕಾಲವನ್ನು.

ಈಗ ನೆಪೋಲಿಯನ್ ವಿಷಯ. ಕೊನ್ಯಾಕ್ ವ್ಯಾಪಾರದಲ್ಲಿ ನೆಪೋಲಿಯನ್ ಎಂಬುದು ಒಂದು ದರ್ಜೆಯ ಹೆಸರು. ಕನಿಷ್ಠ ಆರು ವರ್ಷ ಪೀಪಾಯಿಯಲ್ಲಿದ್ದರೆ ಆ ಹೆಸರು ಹಾಕಬಹುದು. ವಿ.ಎಸ್. ಎಂದರೆ ಎರಡು ವರ್ಷ, ವಿ.ಎಸ್.ಒ.ಪಿ. ಎಂದರೆ ನಾಲ್ಕು. ಎಕ್ಸ್.ಒ. ಎಂಬುದಕ್ಕೆ ಮೊದಲು ಆರು ವರ್ಷ ಸಾಕಿತ್ತು, 2018ರಿಂದ ಹತ್ತು ವರ್ಷ ಬೇಕು. ಇವೆಲ್ಲ ಪೀಪಾಯಿಯ ಲೆಕ್ಕ. ಚಕ್ರವರ್ತಿ ನೆಪೋಲಿಯನ್ 1821ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ತೀರಿಕೊಂಡ. ಅವನ ಚಿತ್ರವಿರುವ ಬಾಟಲಿ ಕಳೆದ ವರ್ಷ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಂಡದ್ದೂ ಆಗಿರಬಹುದು.

1811 ಎಂದು ಬರೆದ ಬಾಟಲಿಗಳದ್ದು ಇದಕ್ಕಿಂತ ದೊಡ್ಡ ಕತೆ. ಆ ವರ್ಷ ಆಕಾಶದಲ್ಲಿ ದೊಡ್ಡ ಧೂಮಕೇತು ತಿಂಗಳುಗಟ್ಟಲೆ ಬರಿಗಣ್ಣಿಗೆ ಕಾಣಿಸಿತ್ತು, ದ್ರಾಕ್ಷಿ ಬೆಳೆಯೂ ಅಸಾಧಾರಣವಾಗಿತ್ತು ಎಂಬ ಖ್ಯಾತಿ ಉಳಿಯಿತು. ಆಮೇಲೆ ಕೊಳ್ಳುವವರು 1811 ಬೇಕೆಂದರು, ಮಾರುವವರು 1811 ಎಂದು ಬರೆದರು. ಬಾಟಲಿಯ ಭುಜದ ಮೇಲೆ 'ಎನ್' ಅಕ್ಷರದ ಗಾಜಿನ ಮುದ್ರೆಯನ್ನೂ ಅಂಟಿಸಿದರು. ಅಂಥ ಬಾಟಲಿ ಕೈಗೆ ಬಂದರೆ ಮುದ್ರೆ ನೋಡಬೇಡಿ. ಗಾಜಿನ ಪಕ್ಕದಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಸಣ್ಣ ಗೆರೆಯನ್ನು ಬೆರಳಿನಿಂದ ಸವರಿ ನೋಡಿ. ಬಾಯಿಯ ಅಂಚನ್ನು ಕೈಯಿಂದ ತಿದ್ದಿದ ಹಳೆಯ ಬಾಟಲಿಗಳಲ್ಲಿ ಆ ಗೆರೆ ಕತ್ತಿನಲ್ಲೇ ಅಳಿಸಿಹೋಗಿರುತ್ತದೆ. ಗೆರೆ ಬಾಯಿಯ ಅಂಚಿನವರೆಗೂ ಹತ್ತಿದ್ದರೆ ಅದು ಯಂತ್ರದ ಬಾಟಲಿ. ಬಾಟಲಿ ಊದುವ ಯಂತ್ರವನ್ನು 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದವರಲ್ಲಿ ಕ್ಲೋದ್ ಬೂಶೆ ಪ್ರಮುಖ. ಆತ ಕೊನ್ಯಾಕ್ ಊರಿನಲ್ಲೇ ಗಾಜಿನ ಕಾರ್ಖಾನೆ ನಡೆಸಿದವನು. ಯಂತ್ರದ ಗೆರೆ ಕಂಡಿತೆಂದರೆ ನೆಪೋಲಿಯನ್ನನ ಕಾಲದ ಮಾತು ಅಲ್ಲಿಗೆ ಮುಗಿಯಿತು.

ಇನ್ನು ಸಣ್ಣಕ್ಷರಕ್ಕೆ ಬರೋಣ. ಮದ್ಯದ ಪ್ರಮಾಣ ಹೇಗೆ ಬರೆದಿದೆ ನೋಡಿ. ಬ್ರಿಟನ್ನಿನಲ್ಲಿ ಮಾರಿದ ಹಳೆಯ ಬಾಟಲಿಯಾದರೆ '70 ಡಿಗ್ರಿ ಪ್ರೂಫ್' ಎಂದಿರುತ್ತದೆ. ಅದು ಇಂದಿನ ಶೇ 40ಕ್ಕೆ ಸಮ. 1980ರಿಂದ ಬ್ರಿಟನ್ ಪ್ರೂಫ್ ಬಿಟ್ಟು ಶೇಕಡಾವಾರು ಲೆಕ್ಕಕ್ಕೆ ಬಂತು. ಬರೀ ಪ್ರೂಫ್ ಇದ್ದರೆ 1980ಕ್ಕಿಂತ ಹಿಂದಿನದು, ಬರೀ ಶೇಕಡಾ ಇದ್ದರೆ ಈಚಿನದು, ಎರಡೂ ಇದ್ದರೆ ಬದಲಾವಣೆಯ ಆಸುಪಾಸಿನದು. ನಮ್ಮ ದೇಶದ ಮದ್ಯದ ಬಾಟಲಿಗಳ ಮೇಲೆ ಇವತ್ತಿಗೂ ಶೇ 42.8 ಎಂಬ ವಿಚಿತ್ರ ಸಂಖ್ಯೆ ಇರುವುದನ್ನು ನೀವು ನೋಡಿರಬಹುದು. ಅದೂ ಬ್ರಿಟಿಷರ ಪ್ರೂಫ್ ಲೆಕ್ಕವೇ, 75 ಡಿಗ್ರಿ ಪ್ರೂಫ್. ಬ್ರಿಟನ್ ಬಿಟ್ಟ ಲೆಕ್ಕ ನಮ್ಮಲ್ಲಿ ಉಳಿದಿದೆ.

ಆಮೇಲೆ ಅಳತೆ. ಬ್ರಿಟಿಷ್ ಮಾರುಕಟ್ಟೆಯ ಬಾಟಲಿಯ ಮೇಲೆ '26 ಮತ್ತು ಮೂರನೇ ಎರಡು ಫ್ಲೂಯಿಡ್ ಔನ್ಸ್' ಎಂದಿದ್ದರೆ ಅದು ಹಳೆಯದು. 75 ಸೆಂಟಿಲೀಟರ್ ಎಂದಿದ್ದರೆ ನಡುಗಾಲದ್ದು. 70 ಸೆಂಟಿಲೀಟರ್ ಯುರೋಪಿನಲ್ಲಿ ನಿಯಮವಾದದ್ದು 1990ರ ದಶಕದ ಆರಂಭದಿಂದ. ಅಮೆರಿಕದಲ್ಲಿ ಮಾರಿದ್ದಾದರೆ 1979ರ ಕೊನೆಯವರೆಗೆ ಅವರ ಹಳೆಯ ಅಳತೆಯಾದ ಕ್ವಾರ್ಟ್‌ನ ಐದನೇ ನಾಲ್ಕು ಭಾಗ, 1980ರಿಂದ 750 ಮಿಲಿಲೀಟರ್. ಗರ್ಭಿಣಿಯರು ಕುಡಿಯಬಾರದೆಂಬ ಸರ್ಕಾರಿ ಎಚ್ಚರಿಕೆ ಇಂಗ್ಲಿಷಿನಲ್ಲಿ ಇದ್ದರೆ 1989ರ ನವೆಂಬರ್ ಆದ ಮೇಲಿನ ಅಮೆರಿಕದ ಬಾಟಲಿ. ಜಪಾನಿನಲ್ಲಿ ಮಾರಿದ್ದರ ಮೇಲೆ 'ವಿಶೇಷ ದರ್ಜೆ' ಎಂದು ಅವರ ಲಿಪಿಯಲ್ಲಿದ್ದರೆ 1989ಕ್ಕಿಂತ ಹಿಂದಿನದು. ಆ ವರ್ಷ ಅವರು ಆ ದರ್ಜೆಗಳನ್ನೇ ತೆಗೆದುಹಾಕಿದರು. ನೋಡಿ, ಒಂದೊಂದು ಕಾನೂನೂ ಒಂದೊಂದು ತಾರೀಖು ಬಿಟ್ಟುಹೋಗಿದೆ.

ಒಮ್ಮೆ ಒಂದು ಮನೆಯವರು ಮೊದಲ ಮಹಾಯುದ್ಧಕ್ಕಿಂತ ಹಿಂದಿನದೆಂದು ಒಂದು ಬಾಟಲಿ ತಂದರು. ಲೇಬಲ್ ಅರ್ಧ ಹರಿದಿತ್ತು, ಕಾಗದ ಚಹಾದ ಬಣ್ಣಕ್ಕೆ ತಿರುಗಿತ್ತು, ಬಿರಡೆಯ ಸುತ್ತ ಕಪ್ಪು ಕಟ್ಟಿತ್ತು. ನೋಡಿದರೆ ಯಾರಿಗಾದರೂ ನಂಬಿಕೆ ಬರಬೇಕು. ಕಿಟಕಿಯ ಬಳಿ ಒಯ್ದು ಬೆಳಕಿಗೆ ಓರೆಯಾಗಿ ಹಿಡಿದೆ. ಗಾಜಿನಲ್ಲೇ ಉಬ್ಬಕ್ಷರಗಳ ಸಾಲು ಎದ್ದು ಕಂಡಿತು. ಈ ಬಾಟಲಿಯನ್ನು ಮಾರುವುದನ್ನೂ ಮತ್ತೆ ಬಳಸುವುದನ್ನೂ ಫೆಡರಲ್ ಕಾನೂನು ನಿಷೇಧಿಸುತ್ತದೆ ಎಂಬ ಇಂಗ್ಲಿಷ್ ವಾಕ್ಯ. ಅಮೆರಿಕದಲ್ಲಿ ಪಾನನಿಷೇಧ ಎತ್ತಿದ ಮೇಲೆ ಕಳ್ಳಭಟ್ಟಿಯವರು ಖಾಲಿ ಬಾಟಲಿಗೆ ಮತ್ತೆ ತುಂಬಬಾರದೆಂದು 1935ರಿಂದ 1964ರವರೆಗೆ ಈ ವಾಕ್ಯವನ್ನು ಗಾಜಿನಲ್ಲೇ ಮೂಡಿಸಬೇಕೆಂಬ ಕಟ್ಟಳೆ ಇತ್ತು. ಅಷ್ಟೇ ಸಾಕು. ಮನೆಯ ಹಿರಿಯರೊಬ್ಬರು ಆಗ ನೆನಪಿಸಿಕೊಂಡರು, ಅವರ ಸೋದರಮಾವ ಐವತ್ತರ ದಶಕದಲ್ಲಿ ಅಮೆರಿಕದಲ್ಲಿ ಓದಿ ಬಂದಿದ್ದರಂತೆ. ಎಲ್ಲವೂ ಕೂಡಿಬಂತು. ಲೇಬಲ್ಲು ಹರಿದರೂ ಕಾನೂನಿನ ಮಾತು ಗಾಜಿನಲ್ಲಿ ಉಳಿದಿತ್ತು.

ಲೇಬಲ್ಲೂ ಇಲ್ಲ, ಉಬ್ಬಕ್ಷರವೂ ಇಲ್ಲ, ಆಗೇನು ಮಾಡಬೇಕು? ಈ ಪ್ರಶ್ನೆ ಬಂದಾಗಲೆಲ್ಲ ನಾನು ಕೈರೋಸ್ ಹಡಗಿನ ಕತೆ ಹೇಳುತ್ತೇನೆ. ಇವತ್ತೂ ಹೇಳದೆ ಬಿಡಲಾರೆ.

ಕೈರೋಸ್ ಸ್ವೀಡನ್ನಿನ ಒಂದು ಉಗಿಹಡಗು. ಮೊದಲ ಮಹಾಯುದ್ಧದ ನಡುವೆ ಫ್ರಾನ್ಸಿನ ಸರಕನ್ನು ಸ್ವೀಡನ್ ಮಾರ್ಗವಾಗಿ ರಷ್ಯಾದ ರಾಜಧಾನಿ ಪೆಟ್ರೊಗ್ರಾಡ್‌ಗೆ ಒಯ್ಯಬೇಕಿತ್ತು. ಸರಕಿನಲ್ಲಿ ಐವತ್ತು ಪೆಟ್ಟಿಗೆ ಕೊನ್ಯಾಕ್, ಹದಿನೈದು ಪೆಟ್ಟಿಗೆ ಬೆನೆಡಿಕ್ಟಿನ್ ಎಂಬ ಗಿಡಮೂಲಿಕೆಯ ಮದ್ಯ. 1916ರ ಡಿಸೆಂಬರ್‌ನಲ್ಲಿ ಹೊರಟ ಹಡಗು ಬೋತ್ನಿಯಾ ಕೊಲ್ಲಿಯ ಹಿಮಗಡ್ಡೆಯಲ್ಲಿ ಸಿಕ್ಕಿಬಿತ್ತು. ಚಳಿಗಾಲವೆಲ್ಲ ಹಾಗೆಯೇ ಕಳೆಯಿತು. ಆ ನಡುವೆ, 1917ರ ಮಾರ್ಚ್‌ನಲ್ಲಿ, ಝಾರ್ ಎರಡನೆಯ ನಿಕೊಲಸ್ ಸಿಂಹಾಸನ ಬಿಟ್ಟಿದ್ದ. ಝಾರನ ರಷ್ಯಾಕ್ಕೆಂದು ಹೊರಟ ಕೊನ್ಯಾಕ್ ಹಡಗಿನಲ್ಲೇ ಇತ್ತು, ಝಾರ್ ಇರಲಿಲ್ಲ! ಮೇ ತಿಂಗಳಲ್ಲಿ ಹಡಗು ಮತ್ತೆ ಹೊರಟಿತು. ಸ್ವೀಡನ್ ಮತ್ತು ಫಿನ್‌ಲೆಂಡಿನ ನಡುವಿನ ಓಲಾಂಡ್ ಸಮುದ್ರದಲ್ಲಿ ಜರ್ಮನಿಯ ಯು.ಸಿ. 58 ಎಂಬ ಜಲಾಂತರ್ಗಾಮಿ ಅದನ್ನು ಅಡ್ಡಗಟ್ಟಿತು. ಸರಕಿನಲ್ಲಿ ಯುದ್ಧಕಾಲದಲ್ಲಿ ನಿಷಿದ್ಧವಾದ ವಸ್ತುಗಳಿವೆ ಎಂದು ಹಡಗನ್ನು ಮುಳುಗಿಸಿದರು. ನಾವಿಕರನ್ನು ಬೇರೆ ಹಡಗಿಗೆ ಹತ್ತಿಸಿ ಕಳುಹಿಸಿದರು, ಅವರೆಲ್ಲ ಕ್ಷೇಮವಾಗಿ ಊರು ಸೇರಿದರು.

ಹಡಗು 77 ಮೀಟರ್ ಆಳದಲ್ಲಿ ಮಲಗಿತು. 1999ರಲ್ಲಿ ಅದು ಎಲ್ಲಿದೆ ಎಂದು ಪತ್ತೆಯಾಯಿತು. ಆದರೆ ಮೀನುಗಾರಿಕೆಯ ಬಲೆಗಳು ಅದನ್ನು ಸುತ್ತಿಕೊಂಡು ಹಾಳುಗೆಡವಿದ್ದವು. ಅಲ್ಲಿಗೆ ಇಳಿಯುವುದು ಅಪಾಯವೆಂದು ಬಲೆಗಳನ್ನು ತೆರವುಗೊಳಿಸುವುದರಲ್ಲೇ ವರ್ಷಗಳು ಹೋದವು. ಕೊನೆಗೆ 2019ರ ಅಕ್ಟೋಬರ್‌ನಲ್ಲಿ ಓಶನ್ ಎಕ್ಸ್ ಎಂಬ ಸ್ವೀಡನ್ನಿನ ಶೋಧಕ ತಂಡ ಮತ್ತು ಅದರ ಸಂಗಡಿಗರು ಆರುನೂರು ಬಾಟಲಿ ಕೊನ್ಯಾಕ್, ಮುನ್ನೂರು ಬಾಟಲಿ ಬೆನೆಡಿಕ್ಟಿನ್ ಮೇಲೆತ್ತಿದರು. ಆ ಚಿತ್ರಗಳನ್ನು ಮೊದಲು ನೋಡಿದಾಗ ನನಗಾದ ರೋಮಾಂಚನ ಇನ್ನೂ ಹೋಗಿಲ್ಲ. ಕೆಸರು ಮೆತ್ತಿದ ಕಪ್ಪು ಗಾಜು ಸಾಲಾಗಿ ನಿಂತಿತ್ತು. ಬೆಳಕಿಲ್ಲದ ತಣ್ಣನೆಯ ನೀರಿನಲ್ಲಿ ಶತಮಾನ ಕಳೆದ ಬಾಟಲಿಗಳು ಅವು. ಕೊನ್ಯಾಕ್ ತಯಾರಕರ ಹೆಸರು ದ ಹಾರ್ಟ್‌ಮನ್.

ಈ ಕತೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಲೇಬಲ್ಲಿನ ಹೆಗ್ಗಳಿಕೆಯ ಒಂದು ಅಕ್ಷರವನ್ನೂ ನಂಬದೆ ಆ ಬಾಟಲಿಗಳ ಕಾಲವನ್ನು ಆಣೆ ಮಾಡಿ ಹೇಳಬಹುದು. 1916ರ ಚಳಿಗಾಲದಲ್ಲಿ ಹಡಗಿಗೆ ಹತ್ತಿದ್ದು ಅದಕ್ಕಿಂತ ಈಚೆಗೆ ತುಂಬಿದ್ದಾಗಲು ಸಾಧ್ಯವಿಲ್ಲ. ಸರಕಿನ ಪಟ್ಟಿ, ಹಡಗು ಮುಳುಗಿದ ತಾರೀಖು, ಇವೇ ಸಾಕ್ಷಿ. ನಿಮ್ಮ ಮನೆಯ ಬಾಟಲಿಗೂ ಅಂಥ ಸಾಕ್ಷಿ ಇರಬಹುದು. ಕೊಂಡ ರಸೀದಿ, ಸುಂಕದ ಚೀಟಿ, ಉಡುಗೊರೆ ಕೊಟ್ಟವರ ಪತ್ರ, ಮದುವೆಯ ಭಾವಚಿತ್ರದಲ್ಲಿ ಮೇಜಿನ ಮೇಲೆ ಅದೇ ಬಾಟಲಿ. ಸಣ್ಣಕ್ಷರ ಎಂದರೆ ಬಾಟಲಿಯ ಮೇಲಿನದು ಮಾತ್ರವಲ್ಲ, ಅದರ ಜೊತೆ ಬಂದ ಕಾಗದದ್ದೂ ಹೌದು. 2020ರ ಮೇ ತಿಂಗಳಲ್ಲಿ ಸದಬೀಸ್ ಹರಾಜಿನಲ್ಲಿ ಗೋತಿಯೆ ಸಂಸ್ಥೆಯ 1762ರ ಕೊನ್ಯಾಕ್ ಬಾಟಲಿಯೊಂದು 1,18,580 ಪೌಂಡ್‌ಗೆ ಹೋಯಿತು. ಅದು ಒಂದೇ ಕುಟುಂಬದಲ್ಲಿ ತಲೆಮಾರುಗಳ ಕಾಲ ಇದ್ದದ್ದು ಆ ಬೆಲೆಗೆ ಬಲ ಕೊಟ್ಟಿತು. ಆದ್ದರಿಂದ ಬಾಟಲಿಯ ಜೊತೆಯ ಕಾಗದವನ್ನು ಬಿಸಾಡಬೇಡಿ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಲೇಬಲ್ ಸತ್ಯ ಹೇಳುವ ಒಂದು ಜಾತಿಯ ಬಾಟಲಿ ಇದೆ. ಹಿಂದೆ ಇಂಗ್ಲೆಂಡಿನ ವರ್ತಕರು ಕೊನ್ಯಾಕನ್ನು ಎಳೆಯದಾಗಿರುವಾಗಲೇ ಪೀಪಾಯಿಯಲ್ಲಿ ತರಿಸಿ, ಲಂಡನ್ ಅಥವಾ ಬ್ರಿಸ್ಟಲ್‌ನ ತೇವದ ನೆಲಮಾಳಿಗೆಗಳಲ್ಲಿ ಇಟ್ಟು, ಆಮೇಲೆ ಬಾಟಲಿಗೆ ತುಂಬುತ್ತಿದ್ದರು. ಅವುಗಳ ಮೇಲೆ ಬೆಳೆಯ ವರ್ಷ, ಬಂದರಿಗೆ ಇಳಿದ ವರ್ಷ, ಬಾಟಲಿಗೆ ತುಂಬಿದ ವರ್ಷ ಬೇರೆಬೇರೆಯಾಗಿ ಇರುತ್ತವೆ. ಅಂಥದು ಸಿಕ್ಕರೆ ಜೋಪಾನ ಮಾಡಿ. ಬಿರಡೆಯ ಮೇಲಿನ ಲೋಹದ ಹೊದಿಕೆ ಮೆತ್ತಗೆ, ಭಾರವಾಗಿ ಸೀಸದ್ದಾಗಿದ್ದರೆ 1990ರ ದಶಕದ ಆರಂಭದ್ದೋ ಅದಕ್ಕೂ ಹಿಂದಿನದೋ, ಆಮೇಲೆ ಸೀಸವನ್ನು ನಿಷೇಧಿಸಿದರು. ಬಾರ್‌ಕೋಡ್ ಇದ್ದರೆ 1970ರ ದಶಕಕ್ಕಿಂತ ಹಿಂದಿನದಲ್ಲ.

ನಕಲಿಯ ಬಗ್ಗೆ ಒಂದು ಮಾತು. ಹಳೆಯ ಹರಳುಗಾಜಿನ ಬಾಟಲಿ ಖಾಲಿಯಾಗಿದ್ದರೂ ಬೆಲೆಗೆ ಹೋಗುತ್ತದೆ. ಏಕೆ ಹೋಗುತ್ತದೆ ಎಂದು ನೀವೇ ಯೋಚಿಸಿ. ಸ್ಕಾಟ್ಲೆಂಡಿನಲ್ಲಿ 2018ರಲ್ಲಿ 55 ಅಪರೂಪದ ವಿಸ್ಕಿ ಬಾಟಲಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ 21 ಬಾಟಲಿಗಳು ನಕಲಿ ಅಥವಾ ಹೇಳಿದ ವರ್ಷದ್ದಲ್ಲ ಎಂದು ತಿಳಿಯಿತು. ಅಣುಬಾಂಬ್ ಪರೀಕ್ಷೆಗಳ ನಂತರ ಗಾಳಿಯಲ್ಲಿ ಹೆಚ್ಚಿದ ವಿಕಿರಣಶೀಲ ಇಂಗಾಲ, ಆಮೇಲಿನ ಬೆಳೆಯಿಂದ ಮಾಡಿದ ಮದ್ಯದಲ್ಲಿ ಸಿಕ್ಕಿಬೀಳುತ್ತದೆ. ಕೊನ್ಯಾಕ್‌ಗೂ ಅದೇ ನ್ಯಾಯ.

ಕೊನೆಯದಾಗಿ ಬಾಟಲಿಯನ್ನು ಇಡುವ ಕ್ರಮ. ವೈನಿನಂತೆ ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಮದ್ಯ ಬಿರಡೆಯನ್ನು ತಿನ್ನುತ್ತದೆ. ಬಿಸಿಲು ಬೀಳದಿರಲಿ. ದಯವಿಟ್ಟು, ದಯವಿಟ್ಟು ತೊಳೆಯಬೇಡಿ! ಹುಣಿಸೆಹಣ್ಣು ಹಾಕಿ ತಿಕ್ಕಿ, ಲೇಬಲ್ ಕಿತ್ತು, ಥಳಥಳ ಹೊಳೆಯುವಂತೆ ಮಾಡಿ ತರುತ್ತಾರೆ. ಆ ಸಣ್ಣಕ್ಷರವೆಲ್ಲ ಪಾತ್ರೆ ತೊಳೆಯುವ ತೊಟ್ಟಿಯ ಪಾಲಾಗಿರುತ್ತದೆ, ನಾನು ಓದುವುದೇನನ್ನು? ಒಣಬಟ್ಟೆಯಿಂದ ಧೂಳು ಒರೆಸಿ, ಸಾಕು. ಮಾರುವ ಯೋಚನೆಯಿದ್ದರೆ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ಮಾರುವುದು ಅಪರಾಧ ಎಂಬುದು ನೆನಪಿರಲಿ. ಮೊದಲು ಅಬಕಾರಿ ಇಲಾಖೆಯಲ್ಲಿ ವಿಚಾರಿಸಿ. ಕಾಲ ಮಾತ್ರ ತಿಳಿಯಬೇಕಿದ್ದರೆ ಬಾಟಲಿಯ ಮುಂಭಾಗ, ಹಿಂಭಾಗ, ತಳ, ಬಿರಡೆ ಮತ್ತು ಅಳತೆ ಬರೆದ ಜಾಗ, ಇಷ್ಟರ ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆದು, ಬಲ್ಲವರಿಗೆ ತೋರಿಸಿ. ಮದ್ಯ ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದೂ ಚಿತ್ರದಲ್ಲಿ ಕಾಣಬೇಕು.

ನಮಸ್ಕಾರ.