ಕೇಳಿದರೆ ಕ್ಯಾಂಟರ್‌ಬರಿ, ಕೇಳದಿದ್ದರೆ ರಾಮ್ಸ್‌ಗೇಟ್

ಕೇಳುಗರಿಗೆ ನಮಸ್ಕಾರ.

ಕೇಳುಗರು ಅಂದೆ ನೋಡಿ, ಆ ಮಾತಿನಿಂದಲೇ ಶುರು ಮಾಡುತ್ತೇನೆ. ಕನ್ನಡದಲ್ಲಿ ಕೇಳುವುದು ಅಂದರೆ ಎರಡು ಕೆಲಸ. ಕಿವಿಯಿಂದ ಕೇಳುವುದು ಒಂದು, ಬಾಯಿಂದ ಕೇಳುವುದು ಇನ್ನೊಂದು. ಮೊದಲನೆಯದನ್ನು ನಮ್ಮ ಮಕ್ಕಳಿಗೆ ಚೆನ್ನಾಗಿ ಕಲಿಸಿದ್ದೇವೆ. ಕೈ ಕಟ್ಟಿಸಿ, ಬಾಯಿ ಮೇಲೆ ಬೆರಳಿಡಿಸಿ ಕೂರಿಸಿದ್ದೇವೆ. ನಾನೂ ಮೂವತ್ತು ವರ್ಷ ಮೇಡಂ ಆಗಿ ಕೂರಿಸಿದವಳೇ. ಎರಡನೆಯದನ್ನು ಮಾತ್ರ ಕಲಿಸಲಿಲ್ಲ. ಇಂಗ್ಲೆಂಡಿಗೆ ಓದಲು ಹೋಗುವವರಿಗೆ ಬೇಕಾಗುವುದು ಆ ಎರಡನೆಯದು. ಬಾಯಿ ಬಿಟ್ಟು ಕೇಳುವುದು. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಆದರೆ ಆಕಾಶವಾಣಿಯವರು ಹದಿನೈದು ನಿಮಿಷ ಕೊಟ್ಟಿದ್ದಾರೆ, ಆದ್ದರಿಂದ ಸ್ವಲ್ಪ ಕಥೆಯನ್ನೂ ಹೇಳುತ್ತೇನೆ.

ವರ್ಷವೂ ಆಗಸ್ಟ್ ಬಂತೆಂದರೆ ನಮ್ಮ ಹಾಸನದ ಮನೆಗೆ ಫೈಲು ಹಿಡಿದುಕೊಂಡು ಮಕ್ಕಳು ಬರುತ್ತಾರೆ. ಜೊತೆಗೆ ಅಪ್ಪ ಅಮ್ಮ. "ಮೇಡಂ, ಜರ್ಕಿನ್ ಎರಡು ತಗೊಳ್ಳಲಾ? ಕುಕ್ಕರ್ ಒಯ್ಯಬಹುದಾ? ಅಲ್ಲಿ ತೊಗರಿಬೇಳೆ ಸಿಗುತ್ತಾ?" ಕುಕ್ಕರೂ ಸಿಗುತ್ತೆ, ಬೇಳೆಯೂ ಸಿಗುತ್ತೆ ಕಣಮ್ಮ. ಲೆಸ್ಟರ್, ಬರ್ಮಿಂಗ್‌ಹ್ಯಾಮ್ ಕಡೆ ಹೋದರೆ ಕರಿಬೇವೂ ಸಿಗುತ್ತೆ. "ಮೇಷ್ಟ್ರನ್ನು ಹೇಗೆ ಮಾತಾಡಿಸಬೇಕು" ಅಂತ ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಹೋಗಲಿ ಬಿಡಿ.

ನಾನು ಹೋದದ್ದು 1992ರ ಸೆಪ್ಟೆಂಬರ್ ಕೊನೆಯಲ್ಲಿ. ಕೆಂಟ್ ಸೀಮೆಯ ಕ್ಯಾಂಟರ್‌ಬರಿ ಊರಿಗೆ, ಒಂದು ವರ್ಷದ ಇತಿಹಾಸ ಎಂ.ಎ.ಗೆ. ಅದಕ್ಕೆ ಮೊದಲು ನಾನು ಒಬ್ಬಳೇ ಹೋಗಿದ್ದ ದೂರದ ಊರು ಅಂದರೆ ಧಾರವಾಡ. ನಮ್ಮಮ್ಮ ಸೂಟ್‌ಕೇಸಿನ ಮೂಲೆ ಮೂಲೆಗೂ ಸಾರಿನ ಪುಡಿಯ ಪೊಟ್ಟಣ ತುರುಕಿದ್ದರು. ಅದರ ಕಥೆ ಆಮೇಲೆ.

ಹೀಥ್ರೂನಲ್ಲಿ ಇಳಿದು, ನೆಲದೊಳಗಿನ ರೈಲು ಹಿಡಿದು, ಹೇಗೋ ವಿಕ್ಟೋರಿಯಾ ಸ್ಟೇಷನ್ ಮುಟ್ಟಿದೆ. ಟಿಕೆಟ್ ತೆಗೆದುಕೊಂಡೆ. ನಮ್ಮದು ಆಗ ಬೆರಳುದ್ದದ ದಪ್ಪ ರಟ್ಟಿನ ಟಿಕೆಟ್. ಅಲ್ಲಿಯದು ಕಿತ್ತಳೆ ಪಟ್ಟಿಯ ತೆಳು ಕಾರ್ಡು, ವಿಸಿಟಿಂಗ್ ಕಾರ್ಡಿನಷ್ಟು. ಅದರ ಮೇಲೆ ಕ್ಯಾಂಟರ್‌ಬರಿ ಎಂದು ಬರೆದಿತ್ತು. ಬೋರ್ಡಿನಲ್ಲೂ ಕ್ಯಾಂಟರ್‌ಬರಿ ಈಸ್ಟ್ ಎಂದಿತ್ತು. ಇನ್ನೇನು ಬೇಕು? ಯಾರನ್ನೂ ಕೇಳಲಿಲ್ಲ.

ಎಂಟು ಬೋಗಿಯ ರೈಲು. ಬಾಗಿಲುಗಳನ್ನು ಕೈಯಿಂದಲೇ ಧಡಾರ್ ಎಂದು ಹಾಕಬೇಕಿದ್ದ ಕಾಲ. ಸುಮ್ನೆ ಹತ್ತಿರದ ಬೋಗಿಗೆ ಹತ್ತಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ನಾನು ಬುದ್ಧಿವಂತೆ. ನಮ್ಮ ಕಡೆ ಸಣ್ಣ ಸ್ಟೇಷನ್‌ಗಳಲ್ಲಿ ಹಿಂದಿನ ಬೋಗಿಗಳು ಪ್ಲಾಟ್‌ಫಾರ್ಮ್ ಮುಟ್ಟುವುದಿಲ್ಲ, ಜಲ್ಲಿ ಮೇಲೆ ಧುಮುಕಬೇಕು, ಅಲ್ವಾ? ಆ ಅನುಭವದಿಂದ ಸೂಟ್‌ಕೇಸ್ ಎಳೆದುಕೊಂಡು ಉದ್ದಕ್ಕೂ ನಡೆದು, ಬೆವರು ಸುರಿಸಿ, ಮುಂದಿನ ಬೋಗಿಗೇ ಹತ್ತಿದೆ. ಎದುರಿಗೆ ಪೇಪರ್ ಓದುವ ಒಬ್ಬ ಹಿರಿಯರು. ಪಕ್ಕದಲ್ಲಿ ಉಣ್ಣೆ ಹೆಣೆಯುವ ಒಬ್ಬ ಅಜ್ಜಿ. ಒಬ್ಬರೂ ಮಾತಾಡಲಿಲ್ಲ. ಇಂಗ್ಲಿಷಿನವರು ಮಾತಾಡುವುದಿಲ್ಲ ಎಂದು ಊರಲ್ಲಿ ಎಲ್ಲರೂ ಹೇಳಿದ್ದರು. ನಾನೂ ಬಾಯಿ ಮುಚ್ಚಿಕೊಂಡು ಕಿಟಕಿ ನೋಡುತ್ತಾ ಕೂತೆ.

ಒಂದು ಗಂಟೆಯ ಮೇಲೆ ಫ್ಯಾವರ್‌ಶಮ್ ಎಂಬ ಸ್ಟೇಷನ್. ಅಲ್ಲಿಗೆ ಬರುವ ಮುಂಚೆ ಸ್ಪೀಕರಿನಲ್ಲಿ ಏನೋ ಗೊಣಗುಟ್ಟಿತು. ಹತ್ತು ಶಬ್ದದಲ್ಲಿ ಎರಡು ತಿಳಿಯಿತು, ಒಂದು "ಪ್ಲೀಸ್", ಇನ್ನೊಂದು "ಡೋವರ್". ಬಿ.ಎ.ಯಲ್ಲಿ ಇಂಗ್ಲಿಷಿಗೆ ನನಗೇ ಕಾಲೇಜಿಗೆ ಮೊದಲ ಸ್ಥಾನ, ತಿಳಿದಿರಲಿ. ರೈಲು ಜಾಸ್ತಿ ಹೊತ್ತು ನಿಂತಿತು. ಕಾಫಿ ಮಾರುವವರು ಬರುತ್ತಾರೇನೋ ಎಂದುಕೊಂಡೆ. ಹಿಂದೆ ಎಲ್ಲೋ ಗಡಕ್ ಎಂದಿತು. ಎಂಜಿನ್ ಬದಲಾಯಿಸುತ್ತಿದ್ದಾರೆ, ಅರಸೀಕೆರೆ ತರಹ, ಎಂದುಕೊಂಡೆ. ಎಲ್ಲವನ್ನೂ ನಾನೇ ಅಂದುಕೊಂಡೆ. ಎದುರಿಗೆ ಕೂತ ಮನುಷ್ಯನನ್ನು ಕೇಳಲಿಲ್ಲ. ಕೇಳಿದರೆ ಏನು ತಿಳಿದುಕೊಳ್ಳುತ್ತಾರೋ, ಇಷ್ಟೂ ಗೊತ್ತಿಲ್ಲವಾ ಅಂದುಬಿಟ್ಟರೆ? ಈ ಒಂದು ಸಂಕೋಚ ಇದೆಯಲ್ಲ, ಅದನ್ನು ದಯವಿಟ್ಟು ಬೆಂಗಳೂರಿನ ಏರ್‌ಪೋರ್ಟಿನಲ್ಲೇ ಬಿಟ್ಟು ಹತ್ತಿ. ಅದರ ತೂಕ ಯಾವ ಲಗೇಜಿಗೂ ಇಲ್ಲ.

ರೈಲು ಹೊರಟಿತು. ಸ್ವಲ್ಪ ಹೊತ್ತಿಗೆ ಎಡಗಡೆ ಕಿಟಕಿಯಲ್ಲಿ ನೀರು ಕಂಡಿತು. ಕೆರೆಯೋ ಎಂದು ನೋಡಿದೆ. ಕೆರೆಯಲ್ಲ, ಸಮುದ್ರ. ಬೂದು ಬಣ್ಣದ ಸಮುದ್ರ. ನಾನು ಆರು ತಿಂಗಳಿಂದ ನಕ್ಷೆ ನೋಡಿ ನೋಡಿ ಬಾಯಿಪಾಠ ಮಾಡಿದ್ದೆ. ನಕ್ಷೆಯಲ್ಲಿ ಕ್ಯಾಂಟರ್‌ಬರಿಗೆ ಸಮುದ್ರ ಇರಲಿಲ್ಲ! ವಿಟ್‌ಸ್ಟೇಬಲ್ ಎಂದು ಬೋರ್ಡು ಬಂತು, ಹೋಯಿತು. ಹೊಟ್ಟೆಯಲ್ಲಿ ಕಲಸಿದಂತಾಯಿತು. ಆಗ, ವಿಕ್ಟೋರಿಯಾ ಬಿಟ್ಟು ಅಷ್ಟು ಹೊತ್ತಾದ ಮೇಲೆ, ಬಾಯಿ ಬಿಟ್ಟೆ. "ಇದು ಕ್ಯಾಂಟರ್‌ಬರಿಗೆ ಹೋಗುತ್ತದಲ್ಲವೇ?"

ಆ ಹಿರಿಯರು ಪೇಪರನ್ನು ನಾಲ್ಕು ಮಡಿಕೆ ಮಡಚಿ ತೊಡೆ ಮೇಲಿಟ್ಟುಕೊಂಡರು. ವೈದ್ಯರು ಕೆಟ್ಟ ಸುದ್ದಿ ಹೇಳುವ ಮುಂಚೆ ಕನ್ನಡಕ ತೆಗೆಯುತ್ತಾರಲ್ಲ, ಹಾಗೆ. ಈ ರೈಲು ಫ್ಯಾವರ್‌ಶಮ್‌ನಲ್ಲಿ ಎರಡಾಗುತ್ತದಂತೆ. ಹಿಂದಿನ ನಾಲ್ಕು ಬೋಗಿ ಕ್ಯಾಂಟರ್‌ಬರಿ ಮೇಲೆ ಡೋವರಿಗೆ. ಮುಂದಿನ ನಾಲ್ಕು ಸಮುದ್ರದ ದಂಡೆ ಹಿಡಿದು ರಾಮ್ಸ್‌ಗೇಟಿಗೆ. ನಮ್ಮಲ್ಲಿ ಒಂದು ರೈಲು ಇಳಿದು ಇನ್ನೊಂದು ಹತ್ತುತ್ತೇವೆ. ಹಾಸನದವಳು ಅರಸೀಕೆರೆಯಲ್ಲಿ ಎಷ್ಟು ಸಲ ಹತ್ತಿ ಇಳಿದಿಲ್ಲ! ಆದರೆ ಕೂತ ರೈಲೇ ಹೋಳಾಗಿ, ಅರ್ಧ ನಮ್ಮನ್ನು ಹೊತ್ತುಕೊಂಡು ಇನ್ನೆಲ್ಲೋ ಹೋಗುತ್ತದೆ ಎಂದು ಯಾರಿಗೆ ಗೊತ್ತು? ಕೇಳಿದವರಿಗೆ ಗೊತ್ತು.

ಮುಂದೆ ನಡೆದದ್ದನ್ನು ಗಮನವಿಟ್ಟು ಕೇಳಿ. ಅಲ್ಲಿಯವರೆಗೆ ಕೆಮ್ಮಲೂ ಇಲ್ಲದ ಬೋಗಿ ಎದ್ದು ಕೂತಿತು. ಹೆಣೆಯುವ ಅಜ್ಜಿ ಕಡ್ಡಿ ಕೆಳಗಿಟ್ಟು, "ಹರ್ನ್ ಬೇನಲ್ಲಿ ಇಳಿದು ವಾಪಸ್ ಹೋಗಲಿ" ಅಂದರು. ಹಿರಿಯರು, "ಬೇಡ, ಅಲ್ಲಿ ಕಾಯಬೇಕು, ರಾಮ್ಸ್‌ಗೇಟಿಗೇ ಹೋಗಲಿ, ಅಲ್ಲಿಂದ ಕ್ಯಾಂಟರ್‌ಬರಿ ವೆಸ್ಟಿಗೆ ಬೇರೆ ರೈಲಿದೆ" ಅಂದರು. ಆ ಊರಿಗೆ ಈಸ್ಟ್, ವೆಸ್ಟ್ ಎಂದು ಎರಡು ಸ್ಟೇಷನ್. ಆಚೆ ಸಾಲಿನ ಹುಡುಗನೊಬ್ಬ ಬಂದು, ಇಬ್ಬರದ್ದೂ ತಪ್ಪು, ಬಸ್ಸೇ ಸರಿ ಅಂದ. ನನ್ನನ್ನು ಬಿಟ್ಟು ಅವರವರೇ ವಾದಕ್ಕೆ ಬಿದ್ದರು. ಆ ಹೊತ್ತಿಗೆ ಹರ್ನ್ ಬೇ ದಾಟಿಯೇ ಹೋಯಿತು. ಸಕಲೇಶಪುರದ ಬಸ್ಸಿನಲ್ಲಿ ಕೂತಂತೆ ಇತ್ತು. ಮಾತಾಡದ ಜನ ಅಂದಿದ್ದರಲ್ಲ, ಅವರು ಮಾತಾಡದೆ ಇರುವುದು ನಾವು ಕೇಳುವ ತನಕ.

ಹೀಗೆ ಮಾರ್ಗೇಟ್, ಬ್ರಾಡ್‌ಸ್ಟೇರ್ಸ್ ಎಲ್ಲ ನೋಡಿಕೊಂಡು ರಾಮ್ಸ್‌ಗೇಟ್ ತಲುಪಿದೆ. ಹಿರಿಯರೇ ಸೂಟ್‌ಕೇಸ್ ಇಳಿಸಿಕೊಟ್ಟರು. ಸ್ಟೇಷನ್ನಿನ ನೌಕರರೊಬ್ಬರ ಹತ್ತಿರ ಹೋಗಿ ಟಿಕೆಟ್ ತೋರಿಸಿದೆ, ದಂಡ ಹಾಕುತ್ತಾರೆ ಎಂಬ ಭಯ. ಅವರು ಕಿವಿ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ಒಂದು ಚೀಟಿಯಲ್ಲಿ ಪ್ಲಾಟ್‌ಫಾರ್ಮ್ ನಂಬರು, ರೈಲಿನ ಟೈಮು ಬರೆದುಕೊಟ್ಟರು. ಕೆಳಗೆ ದೊಡ್ಡದಾಗಿ "ವೆಸ್ಟ್" ಎಂದು ಬರೆದು ಎರಡು ಗೆರೆ ಎಳೆದರು. ನನ್ನನ್ನು ಕರೆದುಕೊಂಡು ಹೋಗಲು ಯಾರೋ ಈಸ್ಟ್ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾರೆ ಎಂದೆ. ಈ ಸಲ ಕೇಳಿಯೂ ಬಿಟ್ಟೆ, ಅವರಿಗೆ ತಿಳಿಸಲು ಆಗುತ್ತದಾ ಅಂತ. ಅವರು ಫೋನ್ ಎತ್ತಿದರು. ಅಷ್ಟೇ. ಇಪ್ಪತ್ತೈದು ನಿಮಿಷದ ದಾರಿ. ನಾನು ವೆಸ್ಟಿನಲ್ಲಿ ಇಳಿದಾಗ ಒಬ್ಬ ಉದ್ದನೆಯ ಹುಡುಗ, ನನ್ನ ಹೆಸರನ್ನು ಎರಡು ತಪ್ಪಿನೊಂದಿಗೆ ಬರೆದ ರಟ್ಟು ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದ. ಊರಿನ ಆ ಕಡೆಯಿಂದ ಈ ಕಡೆಗೆ ಓಡಿಕೊಂಡೇ ಬಂದಿದ್ದನಂತೆ.

"ಈಗ ಫೋನಿನಲ್ಲಿ ಎಲ್ಲ ತೋರಿಸುತ್ತೆ ಮೇಡಂ" ಎನ್ನುತ್ತಾರೆ ಮಕ್ಕಳು. ತೋರಿಸುತ್ತೆ. ದಕ್ಷಿಣ ಇಂಗ್ಲೆಂಡಿನಲ್ಲಿ ಈಗಲೂ ರೈಲು ಹೀಗೆ ಹೋಳಾಗುತ್ತದೆ, ನೀವು ಯಾವ ಹೋಳಿನಲ್ಲಿ ಕೂತಿದ್ದೀರಿ ಎಂದು ಪಕ್ಕದವರನ್ನು ಕೇಳಿ.

ಅಯ್ಯೋ, ಕಥೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಸಮಯ ಹೋಯಿತು. ಓದಿನ ವಿಷಯ ಬೇಗ ಹೇಳುತ್ತೇನೆ.

ಅಲ್ಲಿ ಸೆಮಿನಾರ್ ಅಂದರೆ ಒಂದು ಮೇಜಿನ ಸುತ್ತ ಎಂಟು ಒಂಬತ್ತು ಜನ. ಮೇಷ್ಟ್ರೂ ಅದೇ ಮೇಜಿನಲ್ಲಿ, ನಮ್ಮಂಥದ್ದೇ ಕುರ್ಚಿಯಲ್ಲಿ. ಅವರನ್ನು ಹೆಸರು ಹಿಡಿದು ಕರೆಯಬೇಕು. ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ಅದಕ್ಕೆ ಕರೆಯುವುದನ್ನೇ ಬಿಟ್ಟೆ, ಅವರು ತಿರುಗುವ ತನಕ ಕಾಯುತ್ತಿದ್ದೆ! ಮೂರು ವಾರ ಬಾಯಿ ಬಿಡದೆ ಎಲ್ಲವನ್ನೂ ಬರೆದುಕೊಂಡೆ. ಮೊದಲ ಪ್ರಬಂಧ ಕೊಟ್ಟೆ. ಯಾವ ಪುಸ್ತಕದಲ್ಲಿ ಯಾರು ಏನು ಹೇಳಿದ್ದಾರೆ ಎಂದು ಒಂದೂ ಬಿಡದೆ ಬರೆದಿದ್ದೆ. ವಾಪಸ್ ಬಂದಾಗ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಸಾಲು: ಇವರೆಲ್ಲ ಹೇಳಿದ್ದು ಸರಿ, ನಿಮಗೆ ಏನನ್ನಿಸುತ್ತದೆ? ಅಂಕ 58.

ರೂಮಿಗೆ ಹೋಗಿ ಅತ್ತೆ. ಊರಲ್ಲಿ ರ್‍ಯಾಂಕ್ ಬಂದವಳು ನಾನು. ಅಲ್ಲಿ 70 ಬಂದರೆ ಡಿಸ್ಟಿಂಕ್ಷನ್, 50 ಬಂದರೆ ಪಾಸು, 58 ಅಂದರೆ ಅಳುವಂಥದ್ದೇನಲ್ಲ ಎಂಬುದೂ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ? ಕೇಳಿರಲಿಲ್ಲ! ಮೇಷ್ಟ್ರ ಬಾಗಿಲ ಮೇಲೆ ಚೀಟಿ ಅಂಟಿಸಿತ್ತು, ಬುಧವಾರ ಎರಡರಿಂದ ನಾಲ್ಕು ಯಾರು ಬೇಕಾದರೂ ಬರಬಹುದು ಎಂದು. ಅದನ್ನು ದಿನಾ ಓದಿಕೊಂಡು ಮುಂದೆ ಹೋಗುತ್ತಿದ್ದೆ. ಕೊನೆಗೊಂದು ಬುಧವಾರ ಧೈರ್ಯ ಮಾಡಿ ಬಾಗಿಲು ತಟ್ಟಿದರೆ, ಒಳಗೆ ಮೇಷ್ಟ್ರು ಒಬ್ಬರೇ ಕೂತು ಬಿಸ್ಕತ್ತು ತಿನ್ನುತ್ತಿದ್ದರು. "ಸದ್ಯ, ಒಬ್ಬರಾದರೂ ಬಂದಿರಲ್ಲ" ಅಂದರು. ಮುಂದಿನ ಪ್ರಬಂಧಕ್ಕೆ 64 ಬಂತು.

ಮಕ್ಕಳೇ, ಆ ಎರಡು ಗಂಟೆ ನಿಮ್ಮ ಫೀಸಿನಲ್ಲಿ ಸೇರಿದೆ. ಅಪ್ಪ ತೋಟ ಅಡವಿಟ್ಟು ಕಟ್ಟಿದ ಫೀಸು. ಹೋಗಿ ಬಾಗಿಲು ತಟ್ಟಿ.

ಊರಿನ ಬಗ್ಗೆ ಒಂದೆರಡು ಮಾತು. ಕ್ಯಾಂಟರ್‌ಬರಿಯ ದೊಡ್ಡ ಕ್ಯಾಥೆಡ್ರಲ್ ಒಳಗೆ 1170ರಲ್ಲಿ ಥಾಮಸ್ ಬೆಕೆಟ್ ಎಂಬ ಆರ್ಚ್‌ಬಿಷಪ್ಪರನ್ನು ರಾಜನ ಕಡೆಯ ಯೋಧರು ಕೊಂದರು. ಆಮೇಲೆ ಅದು ಯಾತ್ರೆಯ ಜಾಗವಾಯಿತು. ಎಂಟನೇ ಹೆನ್ರಿ 1538ರಲ್ಲಿ ಸಮಾಧಿಯನ್ನು ಒಡೆಸಿದ. ಈಗ ಆ ಜಾಗದಲ್ಲಿ ಒಂದು ಮೇಣದಬತ್ತಿ ಮಾತ್ರ ಉರಿಯುತ್ತದೆ. ಅಲ್ಲಿಗೆ ಹತ್ತುವ ಕಲ್ಲಿನ ಮೆಟ್ಟಿಲುಗಳು ನಡುವೆ ತಟ್ಟೆಯ ಹಾಗೆ ತಗ್ಗಾಗಿವೆ, ಯಾತ್ರಿಕರು ಸವೆಸಿದ್ದು. ಹಳೇಬೀಡಿನ ಹೊಸ್ತಿಲು ಮುಟ್ಟಿ ಬೆಳೆದವಳು ನಾನು, ಬಗ್ಗಿ ಕೈಯಾಡಿಸಿ ನೋಡಿದೆ. ತಣ್ಣಗೆ, ನುಣ್ಣಗೆ ಇತ್ತು.

ಇನ್ನೊಂದು ಬಿಡುವ ಹಾಗಿಲ್ಲ. ಲಂಡನ್ನಿನಲ್ಲಿ ಇಂಡಿಯಾ ಆಫೀಸಿನ, ಅಂದರೆ ಬ್ರಿಟಿಷರು ಭಾರತದ ಆಡಳಿತ ನೋಡಿಕೊಳ್ಳಲು ಅಲ್ಲಿ ಇಟ್ಟಿದ್ದ ಕಚೇರಿಯ, ದಾಖಲೆಗಳಿವೆ. ಆಗ ಬ್ಲ್ಯಾಕ್‌ಫ್ರೈಯರ್ಸ್ ರಸ್ತೆಯಲ್ಲಿದ್ದವು, ಈಗ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ ಪಕ್ಕದ ಬ್ರಿಟಿಷ್ ಲೈಬ್ರರಿಯಲ್ಲಿವೆ. ಓದುವ ಕೋಣೆಗೆ ಪೆನ್ನು ಒಯ್ಯುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ಮೂರು ದಿನ ನಾನು ಸುಮ್ನೆ ಕ್ಯಾಟಲಾಗ್ ತಿರುವಿದೆ. ನಾಲ್ಕನೇ ದಿನ ಕೌಂಟರಿನ ಹೆಂಗಸನ್ನು ಕೇಳಿದೆ, ಹಾಸನದ ಕಡೆಯ ಹಳೆಯ ನಕ್ಷೆ ಏನಾದರೂ ಇದೆಯಾ ಅಂತ. ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನೆಲ್ಲ ಸರ್ವೆ ಮಾಡಿದ್ದು ನಿಮಗೆ ಗೊತ್ತಿರಬಹುದು. ಆಕೆ ಒಂದು ದೊಡ್ಡ ಹಾಳೆ ತಂದು ಮೇಜಿನ ಮೇಲೆ ಹಾಸಿ, ಮೂಲೆಗೆ ಪುಟ್ಟ ಮರಳಿನ ಚೀಲಗಳನ್ನು ಇಟ್ಟಳು. ಹುಡುಕುತ್ತಾ ಹುಡುಕುತ್ತಾ ನಮ್ಮ ಅಜ್ಜಿಯ ಊರು ಸಿಕ್ಕಿತು. ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಕುಲಗೆಟ್ಟು ಹೋಗಿತ್ತು, ಆದರೆ ಪಕ್ಕದಲ್ಲಿ ನೀಲಿ ಬಣ್ಣದ ಕೆರೆ, ಏರಿಯ ಆ ವಾರೆ ಸೊಟ್ಟ ಸಮೇತ. ನಾನು ಈಜು ಕಲಿತ ಕೆರೆ. ಸ್ವಲ್ಪ ಹೊತ್ತು ಏನೂ ಬರೆದುಕೊಳ್ಳಲು ಆಗಲಿಲ್ಲ. ಆ ಹೆಂಗಸು ದೂರದಿಂದ ನೋಡಿ, ಏನೂ ಕೇಳದೆ, ಒಂದು ಭೂತಗನ್ನಡಿ ತಂದಿಟ್ಟು ಹೋದಳು.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಆಯಿತು, ಆಯಿತು. ಚಳಿ, ಕೊಡೆ, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಮುಳುಗುವ ಸೂರ್ಯ, ಇವುಗಳನ್ನೆಲ್ಲ ಹೇಳಲು ಆಗಲಿಲ್ಲ. ನೀವೇ ಅಲ್ಲಿ ಯಾರನ್ನಾದರೂ ಕೇಳಿ. ಸಾರಿನ ಪುಡಿ ಮಾತ್ರ ಹೇಳಿಬಿಡುತ್ತೇನೆ. ರಾಮ್ಸ್‌ಗೇಟಿನ ಮೆಟ್ಟಿಲ ಮೇಲೆ ಎಳೆದಾಡುವಾಗ ಒಳಗೆ ಒಂದು ಪೊಟ್ಟಣ ಒಡೆದಿತ್ತು. ಪುಡಿ ಒಯ್ಯುವವರು ಡಬ್ಬಿಯಲ್ಲಿ ಹಾಕಿ, ಡಬ್ಬಿಗೆ ಟೇಪು ಸುತ್ತಿ. ಬಟ್ಟೆಯ ನಡುವೆ ಇಡಬೇಡಿ. ನನ್ನ ಒಂದೇ ಒಂದು ಉಣ್ಣೆ ಕೋಟು ಮಾರ್ಚ್ ತಿಂಗಳವರೆಗೂ ಇಂಗಿನ ವಾಸನೆ ಹೊಡೆಯುತ್ತಿತ್ತು, ಸೆಮಿನಾರಿನಲ್ಲಿ ನನ್ನ ಪಕ್ಕದ ಕುರ್ಚಿ ಯಾಕೆ ಯಾವಾಗಲೂ ಖಾಲಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ನಮಸ್ಕಾರ.